ಗುಳೇದಗುಡ್ಡದಲ್ಲಿ ಗಾದಿ ಬಾಡಿಗೆ: ಗಾದಿಗೆ ನಾಲ್ಕು ಸ್ಟಾರ್, ಕೂಲರ್‌ಗೆ ಒಂದೂ ಇಲ್ಲ

ಏಪ್ರಿಲ್‌ನಲ್ಲಿ ನಮ್ಮ ಚರ್ಚಿನ ಸಭೆಗೆ ಜರ್ಮನಿಯಿಂದ ನಾಲ್ವರು ಬಂದಿದ್ದರು. ಇಬ್ಬರು ಪಾಸ್ಟರು, ಇಬ್ಬರು ಸಭಾ ಹಿರಿಯರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಗುಳೇದಗುಡ್ಡಕ್ಕೆ ಕಾಲಿಟ್ಟಿದ್ದು 1851ರಲ್ಲಿ. ಆ ಮಿಶನ್‌ನಿಂದ ನಮ್ಮ ಕಡೆ ಬಂದ ಪಾದ್ರಿಗಳಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್‌ನವರು. ಇವರದೂ ಅದೇ ಸೀಮೆ. ಲಾಡ್ಜ್ ಬೇಡ, ಮನೆಯಲ್ಲೇ ಇರುತ್ತೇವೆ ಅಂದರು. ನಮ್ಮ ಮನೆಯಲ್ಲಿ ಇರೋದು ಎರಡೇ ಮಂಚ. ಅದಕ್ಕೇ ಮೂರು ರಾತ್ರಿಗೆ ಊರಿನ ಒಂದು ಪೆಂಡಾಲ್ ಅಂಗಡಿಯಿಂದ ಗಾದಿ ತಂದೆವು. ಅಂಗಡಿಯ ಹೆಸರು ಬರೆಯಲ್ಲ.

ಗಾದಿಗೆ ದಿನಕ್ಕೆ 30 ರೂಪಾಯಿ, ತಲೆದಿಂಬಿಗೆ 10, ಕೂಲರ್‌ಗೆ 250. ಗಾದಿ ಹತ್ತಿಯದು, ಗಂಟು ಗಂಟಾಗಿರಲಿಲ್ಲ. ಕವರ್ ಒಗೆದಿದ್ದರು, ಆದರೆ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮಾಳಿಗೆ ಮೇಲೆ ಒಂದು ದಿನ ಬಿಸಿಲಿಗೆ ಹಾಕಿದೆ, ಹೋಯಿತು. ನೀವೂ ಒಂದು ದಿನ ಮೊದಲೇ ತನ್ನಿ.

ಒಬ್ಬ ಪಾಸ್ಟರು ಆರು ಅಡಿ ಮೇಲೆ ಮೂರು ಇಂಚು. ಮಲಗಿದರೆ ಹಿಮ್ಮಡಿ ಎರಡೂ ನೆಲಕ್ಕೆ! ಅಂಗಡಿಗೆ ಫೋನ್ ಮಾಡಿದೆ. ರಾತ್ರಿ ಒಂಬತ್ತಕ್ಕೆ ಹುಡುಗ ಇನ್ನೊಂದು ಗಾದಿ ಹೊತ್ತು ತಂದ, ಕಾಲ ಕಡೆ ಅಡ್ಡ ಹಾಸಿದ, 'ಹಿಂಗ ಮಲಗ್ರಿ ಅಂತ ಹೇಳ್ರಿ ಅಕ್ಕಾರ' ಅಂದು ಹೋದ. ಅದಕ್ಕೆ ದುಡ್ಡು ಹಿಡಿಯಲಿಲ್ಲ. ಪ್ರತಿ ಗಾದಿಯ ಮೂಲೆಗೂ ಕೆಂಪು ಬಣ್ಣದಲ್ಲಿ ನಂಬರ್ ಬರೆದಿರುತ್ತದೆ. ಇವರಿಗೆ ಬಂದಿದ್ದು 17. ಮರುದಿನ ಬಾದಾಮಿ ನೋಡಿ ಸುಸ್ತಾಗಿ ಬಂದವರು, 'ನನ್ನ ಹದಿನೇಳು ಎಲ್ಲಿ?' ಅಂತ ಕೇಳಿದರು.

ಕೂಲರ್ ಕಥೆ ಬೇರೆ. ಪಂಪ್ ಕೆಟ್ಟಿತ್ತು. ಫ್ಯಾನ್ ಮಾತ್ರ ತಿರುಗಿ ಬಿಸಿ ಗಾಳಿ ಉಗುಳುತ್ತಿತ್ತು. ನಮ್ಮ ಯಜಮಾನರು ಅರ್ಧ ರಾತ್ರಿ ಎದ್ದು ತಂಬಿಗೆಯಿಂದ ಹುಲ್ಲಿನ ಮೇಲೆ ನೀರು ಹಾಕಿದರು. 'ಬೆಳಗ್ಗೆ ಬದಲಿ ಕಳಿಸ್ತೀವ್ರಿ' ಅಂದರು ಅಂಗಡಿಯವರು. ಬೆಳಗ್ಗೆ ಅನ್ನೋದು ಮೂರು ದಿನವೂ ಬರಲಿಲ್ಲ. ಲಗ್ನದ ಸೀಸನ್, ಇರೋ ಕೂಲರ್ ಎಲ್ಲ ಎಲ್ಲೆಲ್ಲಿಗೋ ಹೋಗಿದ್ದವಂತೆ. ಹಾಗಾದರೆ ಮೊದಲೇ ಹೇಳಬೇಕಲ್ವಾ?

ಅಂಗಡಿಗೆ ಸಂಬಂಧವಿಲ್ಲ, ಆದರೂ ಹೇಳಿಬಿಡುತ್ತೇನೆ. ಹೊರದೇಶದವರನ್ನು ಮನೆಯಲ್ಲಿ ಇಟ್ಟುಕೊಂಡರೆ 24 ತಾಸಿನೊಳಗೆ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಮಾಹಿತಿ ಕೊಡಬೇಕು. ಪಾಸ್‌ಪೋರ್ಟ್, ವೀಸಾ ವಿವರ ಎಲ್ಲ ನನ್ನ ಮಗ ತುಂಬಿದ. ಪ್ರವಾಸಿ ವೀಸಾ ಇದ್ದಿದ್ದರಿಂದ ಭಾನುವಾರ ಚರ್ಚಿನಲ್ಲಿ ಅವರಿಂದ ಪ್ರಸಂಗ, ಅಂದರೆ ಉಪದೇಶ, ಮಾಡಿಸಲಿಲ್ಲ. ಸುಮ್ನೆ ನಮ್ಮ ಜೊತೆ ಬೆಂಚಿನಲ್ಲಿ ಕೂತರು. ಕನ್ನಡದ ಗೀತೆ ಶುರುವಾಗುತ್ತಲೇ ತಿರುಗಿ ನನ್ನ ಮುಖ ನೋಡಿದರು. ರಾಗ ಅವರ ಊರಿನದೇ! ಮಾತು ಬಾರದಿದ್ದರೂ ಕೊನೆಯ ಚರಣದವರೆಗೆ ಗುನುಗಿದರು.

ಲೆಕ್ಕಕ್ಕೆ ಬರೋಣ. ಮೂರು ರಾತ್ರಿಗೆ ನಾಲ್ಕು ದಿನದ ಬಾಡಿಗೆ ಹಾಕಿದ್ದರು, ತಂದ ದಿನವೂ ಸೇರಿಸಿ. ಬಿಸಿಲಿಗೆ ಹಾಕೋಕೆ ಮೊದಲೇ ತಂದವಳು ನಾನೇ, ಅದಕ್ಕೆ ಗಾದಿಯ ದುಡ್ಡಿಗೆ ವಾದ ಮಾಡಲಿಲ್ಲ. ಕೂಲರ್‌ದು ಮಾತ್ರ ಒಂದು ಪೈಸೆ ಕೊಡಲ್ಲ ಅಂದೆ. ಮಾಲೀಕರು ತಲೆ ಕೆರೆದುಕೊಂಡು ಅರ್ಧಕ್ಕೆ ಇಳಿದರು. 500 ರೂಪಾಯಿ ಕೊಟ್ಟೆ, ಈಗಲೂ ಹೊಟ್ಟೆ ಉರಿಯುತ್ತದೆ.

ಕ್ರಿಸ್‌ಮಸ್‌ಗೆ ಮಗಳ ಮನೆಯವರು ಬರುತ್ತಾರೆ. ಅದೇ ಅಂಗಡಿಯಲ್ಲಿ ಹತ್ತು ಗಾದಿ ಹೇಳಿಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ಕೂಲರ್ ಯಾರಿಗೆ ಬೇಕು?