ಚಿರೇಕಲ್ಲಿನ ಗೋಡೆ, ಉಪ್ಪಿನ ಗಾಳಿ, 55 ಇಂಚಿನ ಟಿವಿ: ನಾಲ್ಕು ಮಳೆಗಾಲದ ನಂತರ

ನಮ್ಮನೆ ಧಾರೇಶ್ವರದಲ್ಲಿ, ಕುಮಟಾ ಮತ್ತು ಹೊನ್ನಾವರದ ನಡುವೆ. ಸಮುದ್ರಕ್ಕೆ ಅರ್ಧ ಕಿಲೋಮೀಟರೂ ಇಲ್ಲ. 2021ರ ನವರಾತ್ರಿಯಲ್ಲಿ ಕುಮಟಾದ ಅಂಗಡಿಯಿಂದ 55 ಇಂಚಿನ 4ಕೆ ಎಲ್‌ಇಡಿ ಟಿವಿ ತಂದೆವು. 52 ಸಾವಿರ ಬಿತ್ತು. ಈಗ ನಾಲ್ಕು ಮಳೆಗಾಲ ಕಳೆದಿದೆ. ಒಂದು ಪೋರ್ಟ್ ಸುಟ್ಟಿದೆ, ಒಮ್ಮೆ ದೊಡ್ಡ ರಿಪೇರಿ ಆಗಿದೆ. ಆದರೂ ದಿನಕ್ಕೆ ನಾಲ್ಕೈದು ಗಂಟೆ ಓಡುತ್ತಿದೆ.

ಕಂಪನಿ ಹೆಸರು ಬರೆಯುತ್ತಿಲ್ಲ. ಒಂದೇ ಮಾಡೆಲ್ ಸಾಲಿನಲ್ಲಿ 43 ಇಂಚಿಗೆ ಒಂದು ಬಗೆಯ ಪ್ಯಾನೆಲ್ (ಚಿತ್ರ ಮೂಡಿಸುವ ಪರದೆ), 55 ಇಂಚಿಗೆ ಇನ್ನೊಂದು ಬಗೆ ಹಾಕಿರುವುದುಂಟು. ಹೆಸರು ನೋಡಿ ತಂದರೆ ನನಗೆ ಸಿಕ್ಕಿದ್ದೇ ನಿಮಗೂ ಸಿಗುತ್ತದೆ ಅಂತಿಲ್ಲ. ಕರಾವಳಿಯ ಮನೆಗೆ ಟಿವಿ ತರುವವರು ನೋಡಬೇಕಾದ್ದು ಬೇರೆಯೇ ಇದೆ. ಅಂಗಡಿಯಲ್ಲಿ ಚೆಂದ ಕಂಡ ಟಿವಿ ನಮ್ಮ ಗೋಡೆಗೆ, ನಮ್ಮ ಗಾಳಿಗೆ, ನಾವು ಕೂರುವ ಜಾಗಕ್ಕೆ ಹೊಂದಬೇಕಲ್ವಾ?

ಮೊದಲು ಅಳತೆ. ತಮ್ಮ 43 ಸಾಕು ಅಂದ, ನನಗೆ 65ರ ಆಸೆ. ಹಳೇ ಪೇಪರುಗಳನ್ನು ಟೇಪಿನಿಂದ ಅಂಟಿಸಿ 55 ಇಂಚಿನ ಅಳತೆಗೆ ಕತ್ತರಿಸಿ ಗೋಡೆಗೆ ಹಚ್ಚಿದೆವು. 55 ಇಂಚು ಅಂದರೆ ಮೂಲೆಯಿಂದ ಮೂಲೆಗೆ. ಅಗಲ ಸುಮಾರು 4 ಅಡಿ, ಎತ್ತರ ಎರಡೂಕಾಲು ಅಡಿ. ಎರಡು ದಿನ ಆ ಪೇಪರ್ ಗೋಡೆಯ ಮೇಲೇ ಇತ್ತು. ಕೂತು ನೋಡಿದೆವು, ಊಟ ಮಾಡುತ್ತಾ ನೋಡಿದೆವು. ನಾವು ಕೂರುವ ಬೆಂಚು ಗೋಡೆಯಿಂದ ಏಳೂವರೆ ಅಡಿ. ಕರ್ಣದ ಅಳತೆಯ ಒಂದೂವರೆ ಪಟ್ಟಿನಷ್ಟು ದೂರ ಇದ್ದರೆ ಆರಾಮ ಅನ್ನೋ ಲೆಕ್ಕಕ್ಕೆ ಇದು ಸರಿಹೊಂದಿತು. 65 ತಂದಿದ್ದರೆ ಕತ್ತು ಆಚೀಚೆ ತಿರುಗಿಸಬೇಕಾಗುತ್ತಿತ್ತು.

ಅಳತೆಗಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದ್ದು ಪ್ಯಾನೆಲ್ ಬಗ್ಗೆ. ನಮ್ಮ ಹಾಲ್ ಉದ್ದಕ್ಕಿದೆ. ಬೆಂಚಿನ ಮೇಲೆ ಎದುರಿಗೆ ಕೂರುವವರು ಇಬ್ಬರೇ. ಅಪ್ಪಯ್ಯನ ಆರಾಮ ಕುರ್ಚಿ ಕಿಟಕಿ ಪಕ್ಕ. ಆಯಿ ಅಡುಗೆಮನೆ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂರುತ್ತಾಳೆ. ಹಲಸಿನ ತೊಳೆ ಬಿಡಿಸುವುದು, ಹರಿವೆ ಸೋಸುವುದು, ಎಲ್ಲ ಅಲ್ಲಿಂದಲೇ ಟಿವಿ ನೋಡುತ್ತಾ. ಎಲ್‌ಇಡಿ ಟಿವಿ ಅಂದರೂ ಒಳಗಿರುವುದು ಎಲ್‌ಸಿಡಿ ಪ್ಯಾನೆಲ್ಲೇ, ಅದರಲ್ಲಿ ಮುಖ್ಯವಾಗಿ ಎರಡು ಬಗೆ: ವಿಎ ಮತ್ತು ಐಪಿಎಸ್. ವಿಎನಲ್ಲಿ ಕಪ್ಪು ಗಾಢವಾಗಿ ಬರುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತದೆ. ಐಪಿಎಸ್‌ನಲ್ಲಿ ಪಕ್ಕದಿಂದಲೂ ಬಣ್ಣ ಸರಿ ಇರುತ್ತದೆ, ಕಪ್ಪು ಮಾತ್ರ ಸ್ವಲ್ಪ ಬೂದಿ ಬೂದಿ.

ಅಂಗಡಿಯವರಿಗೆ ಇದು ಗೊತ್ತಿರಲಿಲ್ಲ, ಡಬ್ಬದ ಮೇಲೂ ಬರೆದಿರಲಿಲ್ಲ. ಆಯಿಯನ್ನೂ ಕರೆದುಕೊಂಡು ಹೋಗಿದ್ದೆ. ಅವಳನ್ನು ಟಿವಿಯ ಪಕ್ಕಕ್ಕೆ, ಮನೆಯಲ್ಲಿ ಅವಳು ಕೂರುವಷ್ಟೇ ಓರೆಯಲ್ಲಿ, ಒಂದು ಸ್ಟೂಲಿನ ಮೇಲೆ ಕೂರಿಸಿದೆ. ಮೊದಲನೇ ಟಿವಿ ನೋಡಿ, “ತಮಾ, ಇಲ್ಲಿಂದ ಎಲ್ಲ ಮಾಸಿದ ಹಾಂಗೆ ಕಾಣ್ತು” ಅಂದಳು. ಎರಡನೆಯದು ನೋಡಿ ಏನೂ ಹೇಳಲಿಲ್ಲ, ನೋಡುತ್ತಾ ಕೂತಳು. ಅದನ್ನೇ ತಂದೆವು. ರಾತ್ರಿ ಲೈಟ್ ಆರಿಸಿ ನೋಡಿದರೆ ಕಪ್ಪು ಬೂದಿಯಾಗಿ ಕಾಣುತ್ತದೆ ಅನ್ನೋದು ನಿಜ. ಅದಕ್ಕೆ ಟಿವಿಯ ಹಿಂದೆ ಒಂದು ಸಣ್ಣ ಬಲ್ಬ್ ಹಾಕಿದ್ದೇವೆ. ನೀವು ಇಬ್ಬರೇ ಇದ್ದು, ನೇರ ಎದುರಿಗೆ ಕೂತು ರಾತ್ರಿ ಸಿನಿಮಾ ನೋಡುವವರಾದರೆ ವಿಎ ತನ್ನಿ.

ಅಂಗಡಿಗೆ ಹೋಗುವಾಗ ನಿಮ್ಮದೇ ಪೆನ್‌ಡ್ರೈವ್ ಒಯ್ಯಿರಿ. ಅಲ್ಲಿ ಟಿವಿಯನ್ನು ಶಾಪ್ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಬೆಳಕು ಪೂರ್ತಿ, ಬಣ್ಣ ಪೂರ್ತಿ, ಹೂವು ಮತ್ತು ಜಲಪಾತದ 4ಕೆ ವಿಡಿಯೋ. ಅದರಲ್ಲಿ ಎಲ್ಲ ಟಿವಿಯೂ ಚೆಂದ. ನಮ್ಮನೆಯಲ್ಲಿ ನೋಡುವುದೇನು? ವಾರ್ತೆ, ಧಾರಾವಾಹಿ, ಕ್ರಿಕೆಟ್, ಮತ್ತೆ ಯಕ್ಷಗಾನ. ನಾನು ಫೋನಿನಲ್ಲಿ ತೆಗೆದ ಒಂದು ಬಯಲಾಟದ ತುಣುಕು ಹಾಕಿಸಿದೆ. ಅದರಲ್ಲಿ ವೇಷಧಾರಿ ಮಂಡಿ ಹಾಕುವುದಿತ್ತು, ಮೊಣಕಾಲೂರಿ ಗಿರಗಿರ ಸುತ್ತುವುದು. ಟಿವಿಯನ್ನು ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ಗೊತ್ತಿಲ್ಲ. ಒಂದು ಟಿವಿಯಲ್ಲಿ ವೇಷದ ತಲೆಯ ಮೇಲಿನ ಕೇದಿಗೆ ಮುಂದಲೆಯ ಸುತ್ತ ನೀರಿನ ಅಲೆಯ ಹಾಗೆ ಏನೋ ಅಲುಗುತ್ತಿತ್ತು. ಅದು ಮೋಷನ್ ಸ್ಮೂದಿಂಗ್ ಕೆಲಸ. ಒಂದು ಚಿತ್ರ ಮತ್ತು ಮುಂದಿನ ಚಿತ್ರದ ನಡುವೆ ಟಿವಿ ತಾನೇ ಊಹಿಸಿ ಇನ್ನೊಂದನ್ನು ಸೇರಿಸುತ್ತದೆ. ನಿಧಾನ ಚಲನೆಗೆ ಪರವಾಗಿಲ್ಲ, ಮಂಡಿಯಂಥ ವೇಗಕ್ಕೆ ಊಹೆ ತಪ್ಪುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಬಹುದು. ನಾವು ಮನೆಗೆ ತಂದ ದಿನವೇ ಮಾಡಿದೆವು. ವಿವಿಡ್ ಮೋಡ್ ತೆಗೆದು ಸಿನಿಮಾ ಮೋಡ್‌ಗೆ ಹಾಕಿದ ಮೇಲೆ ಬಣ್ಣದ ವೇಷದ ಕೆಂಪು ನಿಜವಾದ ಕೆಂಪಾಯಿತು.

ಸಾಮಾನ್ಯ ಎಸ್‌ಡಿ ಚಾನೆಲ್ ಕೂಡ ಹಾಕಿಸಿ ನೋಡಿ. ಎಸ್‌ಡಿ ಚಿತ್ರದಲ್ಲಿ ಇರುವುದು ಸುಮಾರು 4 ಲಕ್ಷ ಚುಕ್ಕಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಉಳಿದಿದ್ದನ್ನೆಲ್ಲ ಟಿವಿಯೇ ತುಂಬಿಕೊಳ್ಳಬೇಕು. ಅಗ್ಗದ ಟಿವಿಯಲ್ಲಿ ಮುಖಗಳು ಮೇಣ ಮೆತ್ತಿದ ಹಾಗೆ ಕಾಣುವುದು ಇದಕ್ಕೇ. ಅಪ್ಪಯ್ಯ ನೋಡುವ, ಯಕ್ಷಗಾನ ಕಲಾವಿದ ಚಿಟ್ಟಾಣಿಯವರ ಹಳೇ ವಿಡಿಯೋಗಳು ಎಸ್‌ಡಿಗಿಂತಲೂ ಮಸುಕು. ಅವು ನಮ್ಮ ಹಳೆಯ 32 ಇಂಚಿನಲ್ಲೇ ಚೆನ್ನಾಗಿದ್ದವು, ಇದನ್ನು ಒಪ್ಪಲೇಬೇಕು. ಆದರೂ ಭಸ್ಮಾಸುರನ ವೇಷ ಬಂದರೆ ಅಪ್ಪಯ್ಯ ಕುರ್ಚಿಯಿಂದ ಮುಂದೆ ಬಾಗುತ್ತಾರೆ. ಅವರಿಗೆ ಮಸುಕು ಕಾಣುವುದೇ ಇಲ್ಲ.

ಇನ್ನು ಗೋಡೆ. ನಮ್ಮ ಕಡೆಯವರೆಲ್ಲ ಇದನ್ನು ಗಮನವಿಟ್ಟು ಓದಬೇಕು. ನಮ್ಮದು ಚಿರೇಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಮನೆ. ಟಿವಿ ಕೂರಿಸಲು ಬಂದ ಹುಡುಗ ಪ್ಲಾಸ್ಟಿಕ್ ಪ್ಲಗ್ ಮತ್ತು ಎರಡಿಂಚಿನ ಸ್ಕ್ರೂ ತಂದಿದ್ದ. ಡ್ರಿಲ್ ಬೆಣ್ಣೆಗೆ ಹೋದ ಹಾಗೆ ಹೋಯಿತು. ಕೆಂಪು ಪುಡಿ ಉದುರಿ ನೆಲದ ಮೇಲೆ ಕುಂಕುಮ ಚೆಲ್ಲಿದ ಹಾಗಾಯಿತು. ಸ್ಕ್ರೂ ಬಿಗಿದ. ನಾನು ಬೆರಳಲ್ಲಿ ಹಿಡಿದು ಎಳೆದರೆ ಪ್ಲಗ್ ಸಮೇತ ಹೊರಗೆ ಬಂತು. ಟಿವಿ ತೂಕ ಸುಮಾರು 15 ಕಿಲೋ. ಅವತ್ತು ಹಾಗೇ ನೇತು ಹಾಕಿಸಿದ್ದರೆ ವಾರದೊಳಗೆ ನೆಲಕ್ಕೆ ಬೀಳುತ್ತಿತ್ತು.

ಅವನನ್ನು ಕಳಿಸಿ ನಮ್ಮ ಆಚಾರಿಯನ್ನು ಕರೆಸಿದೆವು. ಅವರು ಹಲಸಿನ ಮರದ ಒಂದು ದಪ್ಪ ಹಲಗೆ ತಂದರು. ಗೋಡೆಯಲ್ಲಿ ನಾಲ್ಕು ತೂತು ಆರಪಾರ ಕೊರೆದು, ಉದ್ದ ಬೋಲ್ಟ್ ತೂರಿಸಿ, ಆಚೆ ಕೋಣೆಯ ಕಡೆಯಿಂದ ಅಗಲ ವಾಶರ್ ಹಾಕಿ ನಟ್ ಬಿಗಿದರು. ಹಲಗೆಗೆ ಬ್ರಾಕೆಟ್, ಬ್ರಾಕೆಟ್‌ಗೆ ಟಿವಿ. ಆಮೇಲೆ ಹಲಗೆ ಹಿಡಿದು ತಾವೇ ಜೋತುಬಿದ್ದು ತೋರಿಸಿದರು. ಹಲಗೆಯಿಂದಾಗಿ ಟಿವಿಗೂ ಗೋಡೆಗೂ ನಡುವೆ ಇನ್ನಷ್ಟು ಸಂದು ಸಿಕ್ಕಿತು, ಗಾಳಿ ಆಡುತ್ತದೆ. ಇದು ಒಳಗೋಡೆ. ಪಡುವಣ ಗೋಡೆಗೆ ಮಾತ್ರ ಯಾರೂ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ಕಡೆಯಿಂದ ಇರಚಲು ಹೊಡೆದು ಆ ಗೋಡೆ ಒಳಗಿನವರೆಗೂ ತೇವ ಕುಡಿದಿರುತ್ತದೆ. ಚಿರೇಕಲ್ಲು ನೀರು ಹೀರುವ ಕಲ್ಲು.

2022ರ ಮೇ ತಿಂಗಳಲ್ಲಿ ಏಟು ಬಿತ್ತು. ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲು ನಮ್ಮಲ್ಲಿ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಸಂಜೆ ಮೋಡ ಕಟ್ಟಿದ ಕೂಡಲೇ ಟಿವಿ ಪ್ಲಗ್ ಕಿತ್ತಿದ್ದೆ. ಸೆಟ್‌ಟಾಪ್ ಬಾಕ್ಸಿನದ್ದೂ ಕಿತ್ತಿದ್ದೆ. ಡಿಶ್‌ನಿಂದ ಬರುವ ವೈರ್ ಮಾತ್ರ ಹಾಗೇ ಇತ್ತು. ಹಿಂದಿನ ತೋಟದ ತೆಂಗಿನಮರಕ್ಕೆ ಸಿಡಿಲು ಬಡಿಯಿತು. ಮಾಳಿಗೆ ಮೇಲಿನ ಡಿಶ್‌ನಿಂದ ವೈರಿನಲ್ಲಿ ಬಂದ ಏಟಿಗೆ ಸೆಟ್‌ಟಾಪ್ ಬಾಕ್ಸ್ ಸುಟ್ಟಿತು. ಅಲ್ಲಿಂದ ಎಚ್‌ಡಿಎಂಐ ವೈರ್ ಹಿಡಿದು ಟಿವಿಯ ಮೊದಲನೇ ಪೋರ್ಟ್ ಕೂಡ ಹೋಯಿತು. ವಾರಂಟಿ ಇತ್ತು, ಆದರೆ ಸಿಡಿಲಿಗೆ ಅದು ಅನ್ವಯಿಸುವುದಿಲ್ಲ. ಸರ್ವಿಸ್‌ನವರು ಬರಲು 17 ದಿನ ಆಯಿತು. ಮದರ್‌ಬೋರ್ಡ್ ಬದಲಿಸಲು 11 ಸಾವಿರ ಹೇಳಿದರು. ಇನ್ನೆರಡು ಪೋರ್ಟ್ ಸರಿ ಇದ್ದವು, ಹಾಗಾಗಿ ಬೇಡ ಅಂದೆ.

ಅವತ್ತಿನಿಂದ ನಮ್ಮಲ್ಲಿ ನಿಯಮ ಒಂದೇ. ಮೋಡ ಕಟ್ಟಿದರೆ ಎಲ್ಲ ಪ್ಲಗ್, ಡಿಶ್ ವೈರ್, ಇಂಟರ್ನೆಟ್ ವೈರ್, ಮೂರೂ ಕೀಳಬೇಕು. ಸ್ಪೈಕ್ ಗಾರ್ಡ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಕರೆಂಟು ಹೋಗಿ ಬರುವಾಗಿನ ಸಣ್ಣ ಏರಿಳಿತ ಅದು ತಡೆಯುತ್ತದೆ. ಹತ್ತಿರದಲ್ಲೇ ಸಿಡಿಲು ಬಿದ್ದರೆ ತಡೆಯುವುದಿಲ್ಲ.

ಉಪ್ಪಿನ ಗಾಳಿ ಮಾಡುವ ಕೆಲಸ ನಿಧಾನದ್ದು. ಎರಡನೇ ವರ್ಷ ಪೆನ್‌ಡ್ರೈವ್ ಹಾಕಲು ಹೋದರೆ ಯುಎಸ್‌ಬಿ ಪೋರ್ಟ್ ಬಾಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಈಗ ಬಳಸದ ಪೋರ್ಟ್‌ಗಳಿಗೆಲ್ಲ ರಬ್ಬರ್ ಮುಚ್ಚಳ ಹಾಕಿದ್ದೇನೆ. ಪರದೆ ಮೇಲೆ ತೆಳ್ಳಗೆ ಅಂಟು ಅಂಟಾದ ಪೊರೆ ಕೂರುತ್ತದೆ. ಮೆತ್ತನೆ ಬಟ್ಟೆ ಬರೀ ನೀರಲ್ಲಿ ಅದ್ದಿ, ಗಟ್ಟಿ ಹಿಂಡಿ, ಹಗೂರಕ್ಕೆ ಒರೆಸಿದರೆ ಸಾಕು. ಕಿಟಕಿ ಗಾಜು ಒರೆಸುವ ಸ್ಪ್ರೇ ಹೊಡೆಯಬಾರದು, ಪರದೆಯ ಮೇಲಿನ ಲೇಪ ಹಾಳಾಗುತ್ತದೆ. ಮಳೆಗಾಲದಲ್ಲಿ ಯಾರೂ ನೋಡದಿದ್ದರೂ ದಿನಾ ಒಂದು ಗಂಟೆ ಟಿವಿ ಹಾಕಿಡುತ್ತೇವೆ. ಅದರದ್ದೇ ಬಿಸಿಗೆ ಒಳಗಿನ ತೇವ ಆರುತ್ತದೆ.

ಸೌಂಡ್ ಬಗ್ಗೆ ಮೊದಲೇ ಯೋಚನೆ ಮಾಡಬೇಕಿತ್ತು. ತೆಳ್ಳಗಿನ ಟಿವಿಯ ಸ್ಪೀಕರ್ ಕೆಳಮುಖವಾಗಿ ಇರುತ್ತದೆ. ಅಂಗಡಿಯಲ್ಲಿ ಸಾಕಷ್ಟು ಅನಿಸಿತ್ತು. ಜುಲೈ ತಿಂಗಳಲ್ಲಿ, ಹೆಂಚಿನ ಮೇಲೆ, ಅಂಗಳದ ತಗಡಿನ ಮೇಲೆ ಮಳೆ ಸುರಿಯುವಾಗ ಏನೂ ಕೇಳುವುದಿಲ್ಲ. “ಚಂಡೆನೇ ಕೇಳ್ತಿಲ್ಲೆ” ಅಂತ ಅಪ್ಪಯ್ಯನ ಬೇಸರ. ಮರುವರ್ಷ ಒಂದು ಸೌಂಡ್‌ಬಾರ್ ತಂದು ಎಆರ್‌ಸಿ ಪೋರ್ಟ್‌ಗೆ (ಟಿವಿಯ ಸೌಂಡನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಪೋರ್ಟ್) ಜೋಡಿಸಿದೆವು. ಈಗ ಚಂಡೆಯೂ ಕೇಳುತ್ತದೆ, ಮದ್ದಳೆಯ ಗುಮ್ಮೂ ಕೇಳುತ್ತದೆ. ಟಿವಿಗೆ ಇಟ್ಟ ದುಡ್ಡಿನಲ್ಲೇ ಐದಾರು ಸಾವಿರ ಇದಕ್ಕೆ ತೆಗೆದಿಡಿ. ಅಂದ ಹಾಗೆ, ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗುವುದು ಟಿವಿಯ ತಪ್ಪಲ್ಲ. ಉಪಗ್ರಹದಿಂದ ಬರುವ ಆ ತರಂಗವನ್ನು ಮಳೆಹನಿಗಳೇ ಹೀರಿಕೊಳ್ಳುತ್ತವೆ.

2025ರ ಫೆಬ್ರವರಿಯಲ್ಲಿ ಪರದೆ ಮೇಲೆ ಮೂರು ಬಿಳಿ ಚುಕ್ಕೆ ಕಂಡವು. ಚುಕ್ಕೆ ಅಂದರೆ ಕಿತ್ತಳೆ ಹಣ್ಣಿನಷ್ಟು ದೊಡ್ಡ ಬೆಳಕಿನ ಉಂಡೆ. ಪ್ಯಾನೆಲ್ ಹೋಯಿತು, ಹೊಸ ಟಿವಿಯೇ ಗತಿ ಅಂತ ಹೆದರಿದೆ. ಕುಮಟಾದ ರಿಪೇರಿಯವರೊಬ್ಬರು ಮನೆಗೇ ಬಂದರು. ಮಂಚದ ಮೇಲೆ ಹಾಸಿಗೆ ಹಾಸಿ, ಟಿವಿ ಬಿಚ್ಚಿ, ಪರದೆಯನ್ನು ನಾವಿಬ್ಬರೂ ಸೇರಿ ಎತ್ತಿ ಬದಿಗಿಟ್ಟೆವು. ಎತ್ತುವಾಗ ದೊಡ್ಡ ಹಲಸಿನ ಹಪ್ಪಳ ಹಿಡಿದ ಹಾಗೆ ಭಯ. ಒಳಗೆ ಸಾಲಾಗಿ ಎಲ್‌ಇಡಿ ಪಟ್ಟಿಗಳು. ಪ್ರತಿ ದೀಪದ ಮೇಲೂ ಅಂಗಿ ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಲೆನ್ಸ್, ಬೆಳಕನ್ನು ಹರಡಲಿಕ್ಕೆ. ಮೂರು ಲೆನ್ಸ್ ಅಂಟು ಒಣಗಿ ಉದುರಿ ಕೆಳಗೆ ಬಿದ್ದಿದ್ದವು. ಅಷ್ಟೇ! ಅವನ್ನು ಮತ್ತೆ ಅಂಟಿಸಿದರು. ಕಂದುತ್ತಿದ್ದ ಒಂದು ಪಟ್ಟಿಯನ್ನೂ ಬದಲಿಸಿದರು. 4,200 ರೂಪಾಯಿ ತೆಗೆದುಕೊಂಡರು. ಮೂರು ವರ್ಷ ಬ್ಯಾಕ್‌ಲೈಟ್ ನೂರಕ್ಕೆ ನೂರು ಇಟ್ಟು ಓಡಿಸಿದ್ದು ಒಂದು ಕಾರಣ ಅಂದರು, ಬಿಸಿ ಜಾಸ್ತಿಯಾಗುತ್ತದಂತೆ. ಈಗ 55ಕ್ಕೆ ಇಳಿಸಿದ್ದೇನೆ. ಕಣ್ಣಿಗೂ ಅದೇ ಹಿತ.

ಸ್ಮಾರ್ಟ್ ಅನ್ನೋ ಭಾಗ ಮೂರನೇ ವರ್ಷಕ್ಕೇ ನಿಧಾನವಾಯಿತು. ಆ್ಯಪ್ ತೆರೆಯಲು ಅರ್ಧ ನಿಮಿಷ. ಆ್ಯಪ್‌ಗಳನ್ನು ತಾನೇ ಓಡಿಸುವ ಒಂದು ಸ್ಟ್ರೀಮಿಂಗ್ ಸ್ಟಿಕ್ ತಂದು ಟಿವಿಗೆ ಚುಚ್ಚಿದೆವು, ಸರಿಹೋಯಿತು. ಹಾಗಾಗಿ ಪ್ಯಾನೆಲ್ ನೋಡಿ ದುಡ್ಡು ಕೊಡಿ, ಆ್ಯಪ್‌ಗಳನ್ನು ನೋಡಿ ಕೊಡಬೇಡಿ.

ಶಿರಸಿಯ ಭಾವ ಈಗ ಹೊಸ ಟಿವಿ ತರುವ ಲೆಕ್ಕದಲ್ಲಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಆ ಮಟ್ಟಿಗೆ ಅವರಿಗೆ ಅನುಕೂಲ. ಅವರು ಎರಡು ಪ್ರಶ್ನೆ ಕೇಳಿದರು. ಕ್ಯೂಎಲ್‌ಇಡಿ ಬೇರೆಯೇ ಜಾತಿಯಾ? ಅಲ್ಲ ಭಾವ, ಅದೂ ಎಲ್‌ಸಿಡಿಯೇ, ಬಣ್ಣ ಚೆನ್ನಾಗಿ ಬರಲು ಒಳಗೆ ಒಂದು ಪದರ ಜಾಸ್ತಿ. ಒಎಲ್‌ಇಡಿ ತರಲಾ? ಅದರ ಕಪ್ಪು ನಿಜವಾದ ಕಪ್ಪು, ಪಕ್ಕದಿಂದಲೂ ಚೆಂದ. ಆದರೆ ನಿಮ್ಮನೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ವಾರ್ತಾ ಚಾನೆಲ್. ಆ ಲಾಂಛನ, ಕೆಳಗಿನ ಪಟ್ಟಿ ವರ್ಷಗಟ್ಟಲೆ ಒಂದೇ ಜಾಗದಲ್ಲಿದ್ದರೆ ಅದರ ನೆರಳು ಪರದೆಯಲ್ಲೇ ಉಳಿಯುವ ಭಯ ಇದೆ. ನಿಮಗೆ ಬೇಡ. ಶಿರಸಿಯಲ್ಲಿ ಉಪ್ಪಿನ ಗಾಳಿ ಇಲ್ಲ, ಆದರೆ ಮಳೆಗಾಲದ ಥಂಡಿ ನಮಗಿಂತ ಕಡಿಮೆಯೇನಲ್ಲ. ಕೊಳ್ಳುವ ಮೊದಲು ಸರ್ವಿಸ್ ನಂಬರಿಗೆ ನೀವೇ ಫೋನ್ ಮಾಡಿ, ನಮ್ಮೂರಿನ ಪಿನ್‌ಕೋಡ್‌ಗೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ ಅಂತ ಕೇಳಿ. ಅಂಗಡಿಯವರ ಮಾತಿನ ಮೇಲೆ ಬಿಡಬೇಡಿ.

ನಮ್ಮ ಟಿವಿ ಸದ್ಯಕ್ಕೆ ಚೆನ್ನಾಗಿದೆ. ಹಲಗೆ ಗಟ್ಟಿಯಾಗಿದೆ, ಆದರೆ ಆಚಾರಿ ಹಾಕಿದ ಬೋಲ್ಟ್‌ಗಳು ಕಬ್ಬಿಣದವು. ಕೋಣೆ ಕಡೆಯ ಗೋಡೆಯಲ್ಲಿ ನಟ್‌ನಿಂದ ಕೆಳಗೆ ತುಕ್ಕಿನ ಗೆರೆ ಇಳಿದಿದೆ. ಸ್ಟೇನ್‌ಲೆಸ್ ಸ್ಟೀಲಿನ ನಾಲ್ಕು ಬೋಲ್ಟ್ ತಂದಿಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಬಂದು ಬದಲಿಸಿಕೊಡುತ್ತೇನೆ ಅಂದಿದ್ದಾರೆ.