ಕೊಡಗಿನ ಮಳೆಗೆ ಗ್ರೋ ಬ್ಯಾಗ್ ಒಳಗೆ ಯಾವ ಮಣ್ಣು?

ನನ್ನ ಓಟು ಕಾಫಿ ನರ್ಸರಿ ಮಣ್ಣಿಗೆ. ಗ್ರೋ ಬ್ಯಾಗ್, ಅಂದರೆ ತರಕಾರಿ ಬೆಳೆಯುವ ಚೀಲಕ್ಕೆ, ಮೂರು ಬಗೆ ಹಾಕಿ ನೋಡಿದ ಮೇಲೆ ಹೇಳುತ್ತಿದ್ದೇನೆ. ಒಂದು, ಆನ್‌ಲೈನ್‌ನಲ್ಲಿ ತರಿಸಿದ ರೆಡಿ ಪಾಟಿಂಗ್ ಮಿಕ್ಸ್, ಅಂದರೆ ಕುಂಡಕ್ಕೆ ತುಂಬುವ ಸಿದ್ಧ ಮಿಶ್ರಣ. ಇನ್ನೊಂದು, ಕೋಕೋಪೀಟ್ (ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ) ಒತ್ತಿ ಮಾಡಿದ ಇಟ್ಟಿಗೆ ನೆನೆಸಿ ಎರೆಗೊಬ್ಬರ ಬೆರೆಸಿದ್ದು. ಮೂರನೆಯದು ಈ ನರ್ಸರಿ ಮಣ್ಣು, ನಮ್ಮ ಕಡೆ ಕಾಫಿ ಸಸಿ ಬೆಳೆಸುವ ಪ್ಲಾಸ್ಟಿಕ್ ಕವರಿಗೆ ತುಂಬುವುದು. ನಮ್ಮ ಮನೆ ಇರುವುದು ಮಡಿಕೇರಿ ಪಕ್ಕ. ಅದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಿ.

ಪಾಟಿಂಗ್ ಮಿಕ್ಸ್ ಕೈಗೆ ಬಂದಾಗ ಚೆನ್ನಾಗಿಯೇ ಇತ್ತು. ಹಗುರ, ಕಲ್ಲಿಲ್ಲ, ಕಳೆ ಇಲ್ಲ. ಚೀಲ ಬಿಚ್ಚಿ ಸುರಿದರೆ ಕೆಲಸ ಮುಗೀತು. ಟೊಮೆಟೊ, ಮೆಣಸಿನಕಾಯಿ ಸಸಿ ನೆಟ್ಟೆ. ಮೇ ತಿಂಗಳಲ್ಲಿ ಮನೆಗೆ ಬಂದವರೆಲ್ಲ ನಿಂತು ನೋಡಿ ಹೋಗುವಷ್ಟು ಚೆನ್ನಾಗಿ ಬಂತು. ಆಮೇಲೆ ಜೂನ್ ಬಂತು.

ಈ ಮಿಕ್ಸಿನಲ್ಲಿ ಹೆಚ್ಚಿನದು ಕೋಕೋಪೀಟೇ. ತನ್ನ ತೂಕದ ಎಂಟು-ಹತ್ತು ಪಟ್ಟು ನೀರನ್ನು ಅದು ಹಿಡಿದಿಡುತ್ತದೆ. ಬೆಂಗಳೂರಿನ ಟೆರೇಸ್ ಮೇಲೆ ಅದು ಒಳ್ಳೆಯ ಗುಣ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಇಲ್ಲಿ ಅದೇ ಗುಣ ತಲೆನೋವು. ಮೇಲೆ ಬೆರಳಿಟ್ಟರೆ ಒಣಗಿದ ಹಾಗೆ ಇರುತ್ತದೆ. ಎರಡು ಇಂಚು ಒಳಗಿನದನ್ನು ತೆಗೆದು ಹಿಂಡಿದರೆ ನೀರು ಸುರಿಯುತ್ತದೆ. ಬೇರಿಗೆ ಗಾಳಿ ಸಿಗಲ್ಲ. ಎಲೆ ಹಳದಿಯಾಗಿ ಗಿಡ ಬಾಡುತ್ತದೆ. ಬಾಡಿದ್ದು ನೋಡಿ ನೀರು ಸಾಲದೇನೋ ಅನ್ನಿಸುತ್ತದೆ. ಆಗ ಇನ್ನೊಂದು ಚೊಂಬು ಸುರಿದಿರೋ, ಗಿಡದ ಕತೆ ಮುಗೀತು.

ಬ್ಯಾಗ್‌ಗಳನ್ನು ಜಗಲಿಗೆ ಎತ್ತಿಟ್ಟೆವು. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಜಗಲಿಯ ಮೇಲೆ ಬಟ್ಟೆಯೇ ಒಣಗಲ್ಲ, ಇದು ಒಣಗುತ್ತದಾ? ಮೊದಲು ಮೇಲೆಲ್ಲ ಬಿಳಿ ಬೂಸ್ಟು. ಆಮೇಲೆ ಸಣ್ಣ ಕಪ್ಪು ನೊಣ. ಒದ್ದೆ ಮಣ್ಣಿನಲ್ಲಿ ಮೊಟ್ಟೆ ಇಡುವ ಜಾತಿ ಅದು. ಅಡುಗೆಮನೆ ಲೈಟಿನ ಸುತ್ತ ಅದೇ, ಕಾಫಿ ಲೋಟದೊಳಗೂ ಅದೇ. ಮಾರಿದವರಿಗೆ ಮೆಸೇಜ್ ಹಾಕಿದರೆ ‘ನೀರು ಕಡಿಮೆ ಹಾಕಿ ಮೇಡಂ’ ಅಂತ ಉತ್ತರ ಬಂತು. ನೀರು ಹಾಕುತ್ತಿದ್ದದ್ದು ನಾನಾ?

ಬೇಸಿಗೆಯಲ್ಲಿ ಉಲ್ಟಾ ಕಾಟ. ಫೆಬ್ರವರಿ ಬಿಸಿಲಿಗೆ ಪೂರ್ತಿ ಒಣಗಿದರೆ ಈ ಮಿಕ್ಸ್ ಬ್ಯಾಗಿನ ಅಂಚು ಬಿಟ್ಟು ಕುಗ್ಗುತ್ತದೆ. ಸುರಿದ ನೀರು ಆ ಸಂದಿಯಲ್ಲೇ ಇಳಿದು ಹೋಗುತ್ತದೆ. ಅಂಗಳ ಒದ್ದೆ, ನಡುವಿನ ಮುದ್ದೆ ಮಾತ್ರ ಒಣ. ನೀರು ತುಂಬಿದ ಟಬ್ಬಿನಲ್ಲಿ ಬ್ಯಾಗನ್ನು ಅರ್ಧ ಗಂಟೆ ಕೂರಿಸಿದರೆ ಸರಿಹೋಗುತ್ತದೆ, ಅದು ನಿಜ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವವರಿಗೆ ಅಷ್ಟು ಪುರುಸೊತ್ತು ಎಲ್ಲಿ?

ಕೋಕೋಪೀಟ್ ಇಟ್ಟಿಗೆಯದ್ದೂ ಹೆಚ್ಚು ಕಡಿಮೆ ಇದೇ ಹಾಡು, ಆದರೆ ಅಗ್ಗ. ಹನ್ನೆರಡು ಇಂಚಿನ ಗ್ರೋ ಬ್ಯಾಗ್ 20 ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಐದು ಕಿಲೋ ಇಟ್ಟಿಗೆ ನೆನೆದರೆ 70 ಲೀಟರ್ ಹತ್ತಿರ ಉಬ್ಬುತ್ತದೆ. ಉಪ್ಪಿನಂಶ ಇರಬಹುದು, ಎರಡು-ಮೂರು ಸಲ ತೊಳೆಯಿರಿ. ಅದರಲ್ಲಿ ಗಿಡಕ್ಕೆ ಆಹಾರ ಇಲ್ಲವೇ ಇಲ್ಲ ಅನ್ನಬೇಕು, ಎರೆಗೊಬ್ಬರ ಬೇಕೇ ಬೇಕು. ಕುಶಾಲನಗರದಲ್ಲಿರುವ ನಮ್ಮ ಅತ್ತಿಗೆ ಇದರಲ್ಲೇ ಟೊಮೆಟೊ ಬೆಳೆದು ನಮಗೂ ಕಳಿಸುತ್ತಾರೆ. ಅಲ್ಲಿ ಮಳೆ ನಮ್ಮದರ ಅರ್ಧವೂ ಇಲ್ಲ.

ಇನ್ನು ನರ್ಸರಿ ಮಣ್ಣು. ಅಳತೆ ಇಲ್ಲಿ ತೋಟದವರಿಗೆಲ್ಲ ಬಾಯಿಪಾಠ: ಆರು ಪಾಲು ಕಾಡು ಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಕಾಡು ಮಣ್ಣು ಅಂದ ಮಾತ್ರಕ್ಕೆ ಅರಣ್ಯಕ್ಕೆ ಗುದ್ದಲಿ ಹಿಡಿದು ಹೋಗಬೇಡಿ, ಕೇಸ್ ಬೀಳುತ್ತದೆ. ತೋಟದಲ್ಲಿ ನೆರಳಿನ ಮರದ ಕೆಳಗೆ ತರಗೆಲೆ ಕೊಳೆತ ಮೇಲ್ಮಣ್ಣು ಸಾಕು. ಮರಳು ಸಿಗಲಿಲ್ಲ, ಬಿಡೋಣ ಅಂತಿದ್ದೆ. ಕವರ್ ತುಂಬುತ್ತಿದ್ದ ಹೆಂಗಸು ಬಿಡಲಿಲ್ಲ. ‘ಬೇಡ ಅಕ್ಕ, ಮರಳಿಲ್ಲದಿದ್ರೆ ನೀರು ಇಳಿಯಲ್ಲ’ ಅಂದಳು. ಅವಳ ಮಾತು ಸರಿ. ಅದೇ ಜುಲೈಯಲ್ಲಿ ಈ ಮಣ್ಣಿನ ಬ್ಯಾಗಿನಿಂದ ನೀರು ತಳದ ತೂತಲ್ಲಿ ಸರಾಗ ಇಳಿಯುತ್ತಿತ್ತು. ಮೆಣಸಿನಕಾಯಿ ಗಿಡ ಬೆಳೆಯಲಿಲ್ಲ, ಆದರೆ ಸಾಯಲೂ ಇಲ್ಲ. ಮಳೆ ನಿಂತ ಮೇಲೆ ಚಿಗುರಿತು.

ತೊಂದರೆ ಇಲ್ಲ ಅಂತಲ್ಲ. ಭಾರ ಜಾಸ್ತಿ. ತುಂಬಿದ ಬ್ಯಾಗನ್ನು ಒಬ್ಬರೇ ಎತ್ತಿದರೆ ಸೊಂಟ ಹೋಗುತ್ತದೆ. ಕಳೆ ಬರುತ್ತದೆ. ಗೊಣ್ಣೆಹುಳು ಇರುತ್ತದೆ, ಜರಡಿ ಹಿಡಿಯಲೇಬೇಕು. ನಮ್ಮ ಮಣ್ಣು ಹುಳಿ, ಅದಕ್ಕೇ ಕಾಫಿ ತೋಟಕ್ಕೂ ಸುಣ್ಣ ಹಾಕುತ್ತಾರೆ. ಒಂದು ಬ್ಯಾಗಿಗೆ ಒಂದು ಹಿಡಿ ಬಚ್ಚಲೊಲೆ ಬೂದಿ ಬೆರೆಸಿದರೆ ತರಕಾರಿಗೆ ಸಾಕಾಗುತ್ತದೆ. ಪುಕ್ಕಟೆ ಸಿಗುತ್ತದೆ ಅಂತ ಹಸಿ ಕಾಫಿ ಸಿಪ್ಪೆ ತುಂಬಬೇಡಿ, ಚೆನ್ನಾಗಿ ಕೊಳೆತಿರಬೇಕು.

ಬಸವನಹುಳ ಮೂರಕ್ಕೂ ಬಂತು. ಅದಕ್ಕೆ ಭೇದಭಾವ ಇಲ್ಲ.

ಬಾಲ್ಕನಿ ಮಾತ್ರ ಇರುವವರು, ಭಾರ ಹೊರಲು ಆಗದವರು ಕೋಕೋಪೀಟ್ ಇಟ್ಟಿಗೆ ತಗೊಳ್ಳಿ, ಕಾಲು ಪಾಲು ಮರಳು ಸೇರಿಸಿ, ಮಳೆಗಾಲಕ್ಕೆ ಖಾಲಿ ಬಿಡಿ. ರೆಡಿ ಮಿಕ್ಸ್‌ಗೆ ನಾನಂತೂ ಇನ್ನು ದುಡ್ಡು ಹಾಕಲ್ಲ, ಬೀಜ ಮೊಳಕೆ ಬರಿಸುವ ಟ್ರೇಗೆ ಬೇಕಾದಷ್ಟು ಬಿಟ್ಟು. ಅಂಗಳ ಇದ್ದವರಿಗೆ ನರ್ಸರಿ ಮಣ್ಣೇ. ಯಾವುದು ತುಂಬಿದರೂ ಕೊಡಗಿನಲ್ಲಿ ಬೀನ್ಸ್, ಹರಿವೆ, ಟೊಮೆಟೊ ಶುರು ಮಾಡುವುದಕ್ಕೆ ಜೂನ್ ಕಾಲವಲ್ಲ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆಯಲಿ.

ಮಣ್ಣು ಕೇಳುವುದಾದರೆ ಫೆಬ್ರವರಿ ಹೊತ್ತಿಗೆ ಕೇಳಿ. ನರ್ಸರಿಗಳಲ್ಲಿ ಕವರ್ ತುಂಬುವ ಕೆಲಸ ನಡೆಯುವುದು ಆಗಲೇ. ಗೊಬ್ಬರದ ಖಾಲಿ ಚೀಲ ನಾವೇ ಒಯ್ದರೆ ಒಂದೆರಡು ಚೀಲಕ್ಕೆ ಯಾರೂ ಇಲ್ಲ ಅನ್ನಲ್ಲ. ಟಾರ್ಪಾಲ್ ಮುಚ್ಚಿ ಮಳೆ ತಾಗದ ಕಡೆ ಇಟ್ಟರೆ ಅಕ್ಟೋಬರ್ ತನಕ ಹಾಗೇ ಇರುತ್ತದೆ.