ಎಕೋ ರಿಪೋರ್ಟಿನಲ್ಲಿ ‘ಸಿವಿಯರ್’ ಅಂತ ಬಂದರೆ ಅಡ್ವಾನ್ಸ್ ಕಟ್ಟುವ ಮೊದಲು ಅಳತೆ ಕೇಳಿ

ಮನೆಯಲ್ಲಿ ಯಾರಿಗಾದರೂ ಹೃದಯದ ವಾಲ್ವ್ ಲೀಕ್ ಅಂತ ಹೇಳಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಇನ್ನೂ ಸಿಟ್ಟು ಇಳಿದಿಲ್ಲ, ಹಿಂದುಮುಂದಾದರೆ ಸಹಿಸಿಕೊಳ್ಳಿ.

ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಾಬರಿಗೆ ಅವರ ಬಿಪಿ 180 ದಾಟಿತ್ತು, ನರ್ಸ್ ಚೀಟಿಯಲ್ಲಿ ಬರೆದೂ ಇದ್ದರು. ಹಾಗಿರುವಾಗಲೇ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ಮಾಡಿ ಮುಗಿಸಿದರು. ರಿಪೋರ್ಟಿನಲ್ಲಿ ಬರೆದದ್ದು: ಮೈಟ್ರಲ್ ವಾಲ್ವ್ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲು) ಲೀಕ್, ‘ಸಿವಿಯರ್’, ಅಂದರೆ ತೀವ್ರ. ಅಷ್ಟೇ. ಎಷ್ಟು ರಕ್ತ ವಾಪಸ್ ಹೋಗುತ್ತಿದೆ, ಸೋರುವ ಕಂಡಿ ಎಷ್ಟು ದೊಡ್ಡದು, ಏನೂ ಇಲ್ಲ. ಅಳತೆ ಇರಬೇಕಾದ ಜಾಗದಲ್ಲಿ ಬರೀ ಗೀಟು.

“ವಾಲ್ವ್ ಬದಲಾಯಿಸಬೇಕು, ಇವತ್ತೇ ಅಡ್ಮಿಟ್ ಮಾಡಿ” ಅಂದರು. ಅಮ್ಮನ ಎದುರಿಗೇ! ₹50,000 ಅಡ್ವಾನ್ಸ್ ಕಟ್ಟಿಸಿಕೊಂಡರು. ಅಳತೆ ಎಲ್ಲಿ ಸರ್ ಅಂದೆ. “ಸ್ಕ್ರೀನಲ್ಲೇ ಕಾಣ್ತಿದೆಯಲ್ಲ, ಅಳೆಯೋದೇನಿದೆ?” ಎಕೋ ವಿಡಿಯೊ ಸಿಡಿಯಲ್ಲಿ ಕೊಡಿ ಅಂದೆ. “ನಿಮಗೆ ಅದೆಲ್ಲ ಅರ್ಥ ಆಗಲ್ಲ. ತಾಯಿ ಬೇಕೋ, ಸಿಡಿ ಬೇಕೋ?” ಕಾಯುತ್ತ ಕೂತವರೆಲ್ಲ ತಿರುಗಿ ನೋಡಿದರು. ತಲೆ ಎತ್ತಲಾಗಲಿಲ್ಲ. ತಾಯಿ ಬೇಕೋ ಸಿಡಿ ಬೇಕೋ ಅಂತೆ! ಮಗನಿಗೆ ಕೇಳುವ ಮಾತಾ ಇದು?

ಸೋದರಮಾವ ಜಗಳ ಆಡಿಯೇ ಅಮ್ಮನನ್ನು ಅಲ್ಲಿಂದ ಬಿಡಿಸಿಕೊಂಡು ಬಂದರು.

ಇನ್ನೊಂದು ಕಡೆ ಮೊದಲು ಮಾತ್ರೆ ಕೊಟ್ಟು ಬಿಪಿ ಹತೋಟಿಗೆ ತಂದರು. ಆಮೇಲೆ ಎಕೋ. ಆ ಡಾಕ್ಟರು ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದರು. ಗೇನ್ ಗುಂಡಿ (ಚಿತ್ರದ ಸಂಕೇತ ಹೆಚ್ಚು ಕಡಿಮೆ ಮಾಡುವುದು) ತಿರುಗಿಸಿದ ಹಾಗೆಲ್ಲ ಸ್ಕ್ರೀನಲ್ಲಿ ಲೀಕ್ ತೋರಿಸುವ ಬಣ್ಣ ಹರಡಿಕೊಂಡಿತು, ಮತ್ತೆ ಕುಗ್ಗಿತು. ಅದೇ ವಾಲ್ವ್, ಅದೇ ಲೀಕ್! ಬಿಪಿ ಏರಿದ್ದರಂತೂ ಲೀಕೇ ಜಾಸ್ತಿ ಆಗುತ್ತದಂತೆ. ಅದಕ್ಕೇ ಬರೀ ಬಣ್ಣ ನೋಡಿ ತೀರ್ಮಾನ ಮಾಡಬಾರದು. ಸಾಮಾನ್ಯವಾಗಿ ಒಂದು ಬಡಿತಕ್ಕೆ 60 ಮಿ.ಲೀ. ಅಥವಾ ಅದಕ್ಕಿಂತ ಜಾಸ್ತಿ ವಾಪಸ್ ಹೋದರೆ, ಕಂಡಿ 0.4 ಚದರ ಸೆಂ.ಮೀ. ಮುಟ್ಟಿದರೆ ಸಿವಿಯರ್ ಅನ್ನುತ್ತಾರೆ. ಅಮ್ಮನದು 34 ಮಿ.ಲೀ., ಕಂಡಿ 0.22. ಮಾಡರೇಟ್, ಅಂದರೆ ಮಧ್ಯಮ. ಹೃದಯ ದೊಡ್ಡದಾಗಿಲ್ಲ, ಪಂಪಿಂಗ್ ಚೆನ್ನಾಗಿದೆ. ಸದ್ಯಕ್ಕೆ ಬಿಪಿ ಮಾತ್ರೆ, ವರ್ಷಕ್ಕೊಮ್ಮೆ ಎಕೋ. ಇದಕ್ಕೆ ಎದೆ ಸೀಳಲು ಹೊರಟಿದ್ದರು!

ಉಲ್ಟಾನೂ ಆಗುತ್ತದೆ. ಲೀಕ್ ಹೃದಯದ ಗೋಡೆಗೆ ಒತ್ತಿಕೊಂಡು ಹರಿದರೆ ಬಣ್ಣ ಚಿಕ್ಕದಾಗಿ ಕಂಡು, ನಿಜವಾದ ಸಿವಿಯರ್ ಕಣ್ತಪ್ಪಬಹುದು. ಅಂಥವರು ಸುಮ್ನೆ ಕೂರಬೇಡಿ. ಅನುಮಾನ ಇದ್ದರೆ ಗಂಟಲಿನಿಂದ ಇಳಿಸಿ ಮಾಡುವ ಎಕೋ ಇದೆ, ಹೃದಯದ ಎಂಆರ್‌ಐ ಇದೆ.

ತುರ್ತು ಸ್ಥಿತಿ ಅಲ್ಲದಿದ್ದರೆ ಅಳತೆ, ಎಕೋ ಹೊತ್ತಿನ ಬಿಪಿ, ವಿಡಿಯೊ ಇವು ಕೈಗೆ ಬರುವವರೆಗೆ ಒಂದು ಪೈಸೆ ಕಟ್ಟಬೇಡಿ. ಬೈದರೆ ಎದ್ದು ಬನ್ನಿ.

ನಮ್ಮ ಅಡ್ವಾನ್ಸ್ ಇನ್ನೂ ಬಂದಿಲ್ಲ. ಫೋನ್ ಮಾಡಿದರೆ “ಪ್ರೊಸೆಸ್‌ನಲ್ಲಿದೆ ಸರ್”. ರಸೀದಿ ಇಟ್ಟುಕೊಂಡಿದ್ದೇನೆ, ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ.